ಬೋರ್ಡಿನ ಮೇಲಿನ ಮಗು

“ಎಡಗೈ ಬೇಡ, ಬಲಗೈಲಿ ಹಿಡಿಸು,” ಎಂದ ಪೋರೆನ್, ತಂಗಿಯ ಲ್ಯಾಪ್‌ಟಾಪಿನ ಪರದೆಗೆ ಬೆರಳು ಒತ್ತಿ.

ಯಿರೊಂಗ್ ಆ ಬೆರಳಿನ ಗುರುತನ್ನು ಅಂಗಿಯ ತೋಳಿನಿಂದ ಒರೆಸಿದಳು. ಪರದೆಯ ಮೇಲೆ ಒಂದು ಸೈಕಲ್ಲು, ಪೆಡಲಿನ ಹತ್ತಿರ ಕುಕ್ಕರಗಾಲಲ್ಲಿ ಕೂತ ಅಪ್ಪ, ಹಿಂದಿನ ಚಕ್ರದ ಬಳಿ ಒಂದು ಮಗು. ಮಗುವಿನ ಕೂದಲು ಗಂಡುಹುಡುಗರ ಹಾಗೆ ಗಿಡ್ಡ, ಎಡಗೈಯಲ್ಲಿ ಸ್ಪೋಕ್ ಬಿಗಿಯುವ ಪುಟ್ಟ ಚಾವಿ. ಅಂಗಡಿಯ ಗೋಡೆಯಲ್ಲಿದ್ದ ಹಳೆಯ ಫೋಟೋವನ್ನು ನೋಡಿಯೇ ಅವಳು ಬರೆದದ್ದು. ಅಪ್ಪನ ಕಾಲದಲ್ಲಿ ಅಂಗಡಿಗೆ ಸರಿಯಾದ ಬೋರ್ಡೂ ಇರಲಿಲ್ಲ. ಪೋರೆನ್ ಅದನ್ನು ಹೊಸದಾಗಿ ತೆರೆಯಲು ಊರಿಗೆ ಮರಳಿದ್ದ. ಈಗ ತಮ್ಮೂರು ಪೂಲಿಗೆ ಬೆಟ್ಟ ಹತ್ತಲು ಬರುವ ಸೈಕಲ್ ಹುಚ್ಚರಿಗೆ ಕಾಫಿಯೂ ಬೇಕು, ಲೋಗೋವೂ ಬೇಕು. ಚಿತ್ರದ ಕೆಳಗೆ ಅಣ್ಣ ಹೇಳಿದಂತೆ ‘ತಂದೆ–ಮಗ ಸೈಕಲ್ ಅಂಗಡಿ’ ಎಂದು ಬರೆದಿದ್ದಳು.

“ಫೋಟೋದಲ್ಲಿ ಎಡಗೈಲೇ ಇರೋದು, ಅಣ್ಣ.”

“ಫೋಟೋ ಯಾರು ನೋಡ್ತಾರೆ? ನಾನು ಬಲಗೈಯೋನು ಅಂತ ಊರಿಗೆಲ್ಲ ಗೊತ್ತು. ಆಮೇಲೆ ಯಾರಾದ್ರೂ ಕೇಳಿದ್ರೆ?”

ಇಷ್ಟು ದಿನ ಯಿರೊಂಗ್ ಅಣ್ಣ ತಪ್ಪು ತಿಳಿದಿದ್ದಾನೆ ಎಂದುಕೊಂಡಿದ್ದಳು. ಗಿಡ್ಡ ಕೂದಲು ನೋಡಿ ಫೋಟೋದ ಮಗು ತಾನೇ ಎಂದು ಅವನು ನಿಜವಾಗಿ ನಂಬಿದ್ದಾನೆ, ಹೊತ್ತು ನೋಡಿ ಹೇಳಿದರಾಯಿತು ಎಂದು ಸುಮ್ಮನಿದ್ದಳು. ಅದು ತಂಗಿ ಎಂದು ಅವನಿಗೆ ಮೊದಲಿಂದಲೂ ಗೊತ್ತಿತ್ತು.

ಆ ಮನೆಯಲ್ಲಿ ಎಡಗೈಯವಳು ಅವಳೊಬ್ಬಳೇ. ಊಟಕ್ಕೆ ಕೂತರೆ ಅಜ್ಜಿ ಮಣಿಕಟ್ಟಿಗೆ ಹೊಡೆದು ಹೊಡೆದು ಚಾಪ್‌ಸ್ಟಿಕ್ಕನ್ನು ಬಲಗೈಗೆ ದಾಟಿಸಿದ್ದರು. ಅಂಗಡಿಯಲ್ಲಿ ಮಾತ್ರ ಅಪ್ಪ ಏನೂ ಅನ್ನುತ್ತಿರಲಿಲ್ಲ. ಶಾಲೆ ಬಿಟ್ಟ ಮೇಲೆ ಕತ್ತಲಾಗುವವರೆಗೆ ಅವಳು ಸೊಟ್ಟ ಚಕ್ರಗಳನ್ನು ನೆಟ್ಟಗೆ ಮಾಡುತ್ತಿದ್ದಳು. ಪೋರೆನ್‌ಗೆ ಗ್ರೀಸಿನ ವಾಸನೆ ಆಗದು. ದೊಡ್ಡವನಾದವನೇ ತೈಚುಂಗ್‌ಗೆ ಹೋಗಿ ಮನೆ ಮಾರುವ ದಲ್ಲಾಳಿಯಾದ. ಅಪ್ಪ ಹೋದ ಮೇಲೆ, ಹೆಣ್ಣುಮಕ್ಕಳು ಮಾಡುವ ಹಾಗೆ, ಅಮ್ಮ ಕಾಗದದಲ್ಲಿ ತೋರಿಸಿದ ಕಡೆ ತನ್ನ ಹೆಸರಿನ ಮುದ್ರೆ ಒತ್ತಿ ಯಿರೊಂಗ್ ತನ್ನ ಪಾಲು ಬಿಟ್ಟುಕೊಟ್ಟಿದ್ದಳು. ಅಂಗಡಿ ಅಣ್ಣನ ಪಾಲಾದದ್ದಕ್ಕೆ ತನಗೇನೂ ಬೇಜಾರಿಲ್ಲ ಎಂದು ತನಗೆ ತಾನೇ ಹೇಳಿಕೊಂಡಿದ್ದೂ ಉಂಟು. ಆದರೆ ಆ ಫೋಟೋವನ್ನು ಅವಳು ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ.

ಅವಳು ಎದ್ದು ಅಡುಗೆಮನೆಗೆ ಹೋದಳು. ಅಮ್ಮ ನೀರುಬಿದಿರಿನ ಚಿಗುರಿನ ಸಿಪ್ಪೆ ಸುಲಿಯುತ್ತಿದ್ದರು.

“ಅಮ್ಮ, ಆ ಫೋಟೋದಲ್ಲಿರೋದು ನಾನು ಅಂತ ಅವನಿಗೆ ಹೇಳು.”

“ನನಗೆ ಗೊತ್ತಿಲ್ವೇನೇ? ಹೇನಾಗಿದೆ ಅಂತ ನಿನ್ನ ಕೂದಲು ಕತ್ತರಿಸಿದ್ದೇ ನಾನು.”

“ಹಾಗಾದ್ರೆ ಹೇಳು.”

“ಅಂಗಡಿ ನಡೆಸೋನು ಅವನು. ‘ತಂದೆ–ಮಗ’ ಅಂತ ಬರೆದು ಮೇಲೆ ಮಗಳನ್ನ ಕೂರಿಸೋಕಾಗುತ್ತಾ? ಬೋರ್ಡಲ್ಲಿ ಯಾರಿದ್ರೆ ನಿನಗೇನು? ಚೆನ್ನಾಗಿ ಬರೆದುಕೊಡು, ಪುಣ್ಯ ಬರುತ್ತೆ.”

ಯಿರೊಂಗ್ ವಾಪಸು ಬಂದಾಗ ಪೋರೆನ್ ಅವಳ ಕುರ್ಚಿಯಲ್ಲೇ ಕೂತಿದ್ದ. “ಹೊಸದಾಗಿ ಬರೀಬೇಕಾಗಿಲ್ಲ ಕಣೇ. ಒಂದು ಗುಂಡಿ ಒತ್ತಿದ್ರೆ ಚಿತ್ರ ಕನ್ನಡೀಲಿ ಕಂಡಹಾಗೆ ತಿರುಗಿಬಿಡುತ್ತಲ್ಲ, ತಿರುಗಿಸು ಅಷ್ಟೆ.”

ಅವಳು ತಿರುಗಿಸಿದಳು. ಚಾವಿ ಬಲಗೈಗೆ ಬಂತು. ಅದರ ಜೊತೆಗೇ ಸೈಕಲ್ಲಿನ ಚೈನು ಎಡಬದಿಗೆ ಹೋಯಿತು. ಸೈಕಲ್ಲಿಗೆ ಚೈನು ಇರುವುದು ಬಲಗಡೆ. ಅಂಗಡಿಯಲ್ಲಿ ಎರಡು ದಿನ ಕೆಲಸ ಮಾಡಿದವರಿಗೂ ಅದು ಕಣ್ಣಿಗೆ ಹೊಡೆಯಬೇಕು.

“ಸರಿಯಾಗಿ ನೋಡಿಬಿಡು ಅಣ್ಣ. ಒಂದು ಸಲ ಅಚ್ಚಾದ್ರೆ ಮುಗೀತು.”

ಪೋರೆನ್ ಹಿಂದೆ ಸರಿದು ನೋಡಿದ, ತಲೆ ಓರೆ ಮಾಡಿ ನೋಡಿದ. “ಈಗ ನೋಡು, ಎಷ್ಟು ಲಕ್ಷಣವಾಗಿದೆ.”

ಹೇಳಬಹುದಿತ್ತು. ಅವಳು ಹೇಳಲಿಲ್ಲ. ಅವನ ತಪ್ಪು ಬೋರ್ಡೇರುತ್ತದೆ ಎಂದು ಒಳಗೊಳಗೇ ಹಿಗ್ಗಾಯಿತು, ಹಾಗಾದದ್ದಕ್ಕೆ ನಾಚಿಕೆಯೂ ಆಯಿತು. ಆ ನಾಚಿಕೆ ಅಚ್ಚಿನವರಿಗೆ ಚಿತ್ರ ಕಳಿಸಿಕೊಡುವಷ್ಟು ಹೊತ್ತೂ ಉಳಿಯಲಿಲ್ಲ.

ಅಂಗಡಿ ತೆರೆದ ದಿನ ಬೀದಿಗೆ ಶಾಮಿಯಾನ ಹಾಕಿ, ದುಂಡು ಮೇಜುಗಳಿಗೆ ಕೆಂಪು ಹಾಳೆ ಹೊದಿಸಿ ಪೋರೆನ್ ಊಟ ಹಾಕಿಸಿದ. ಬಾಗಿಲ ಮೇಲೆ ಬೋರ್ಡು, ಹುಡುಗಿಯರು ಹಂಚುತ್ತಿದ್ದ ಟೋಪಿಗಳ ಮೇಲೆ ಅದೇ ಚಿತ್ರ. ಯಿರೊಂಗ್ ಅಮ್ಮನ ಪಕ್ಕ ಕೂತು ಕಾಯುತ್ತಿದ್ದಳು. ಯಾರಾದರೂ ತಲೆಯೆತ್ತಿ ನೋಡಲಿ, ಒಬ್ಬರಾದರೂ ಕೇಳಲಿ.

ಮುಖ್ಯ ಮೇಜಿನಲ್ಲಿದ್ದವರು ತೂ ಎಂಬವರು, ತೈಚುಂಗ್ ಸೈಕಲ್ ಸಂಘದ ಅಧ್ಯಕ್ಷರು. ಎರಡು ಲೋಟ ಅಕ್ಕಿಮದ್ಯ ಇಳಿದ ಮೇಲೆ ಅವರು ಬೋರ್ಡನ್ನೇ ದಿಟ್ಟಿಸಿದರು.

“ಅಲ್ಲಯ್ಯಾ ಪೋರೆನ್, ನಿಮ್ಮಪ್ಪ ಚೈನು ಎಡಗಡೆ ಹಾಕ್ತಿದ್ರಾ?”

ಮೇಜುಗಳೆಲ್ಲ ಬೋರ್ಡಿನ ಕಡೆ ತಿರುಗಿದವು. ಪೋರೆನ್ ಮುಖ ಕೆಂಪಾಯಿತು. ಅಣ್ಣ ತಡವರಿಸಿದ್ದು ಒಂದೇ ಗಳಿಗೆ.

“ಅಯ್ಯೋ, ತಂಗಿ ಕೈಲಿ ಬರೆಸಿದ್ದು ಅಧ್ಯಕ್ಷರೇ. ಹೆಣ್ಣುಮಕ್ಕಳಿಗೆ ಸೈಕಲ್ ಏನು ಗೊತ್ತು? ಪಾಪ, ಪ್ರೀತಿಯಿಂದ ಬರೆದಳಲ್ಲ ಅಂತ ನಾನೂ ಸುಮ್ಮನಾದೆ.”

ಶಾಮಿಯಾನದ ಕೆಳಗೆ ನಗು ಎದ್ದಿತು. “ಒಳ್ಳೇ ಅಣ್ಣ ಬಿಡಪ್ಪ,” ಎಂದು ತೂ ಲೋಟ ಎತ್ತಿದರು. ಅವಳು ನೆಟ್ಟಗೆ ಮಾಡಿಕೊಟ್ಟ ಚಕ್ರಗಳ ಮೇಲೆ ವರ್ಷಗಟ್ಟಲೆ ಓಡಾಡಿದವರು ಅಲ್ಲಿದ್ದರು. ಪಕ್ಕದ ಅಂಗಡಿಯ ನೂಡಲ್ಸಿನವರಿದ್ದರು, ಔಷಧಿಯಂಗಡಿಯ ಚಿಕ್ಕಪ್ಪನೂ ಇದ್ದ. ಅವರೂ ನಕ್ಕರು. ಯಿರೊಂಗ್ ಅಮ್ಮನ ಕಡೆ ನೋಡಿದಳು. ಅಮ್ಮ ಬಾಯಿಗೆ ಕೈ ಅಡ್ಡ ಹಿಡಿದುಕೊಂಡಿದ್ದರು, ಅವರ ಭುಜಗಳು ಕುಲುಕುತ್ತಿದ್ದವು.

ಮೀನಿನುಂಡೆಯ ಸಾರು ಬಂತು. ಯಿರೊಂಗ್ ತಲೆ ತಗ್ಗಿಸಿ ಒಂದು ಉಂಡೆ ಎತ್ತಿಕೊಂಡಳು.

“ಜನ ಇದ್ದಾರೆ ಕಣೇ,” ಎಂದರು ಅಮ್ಮ, ಬೇರೆ ಕಡೆ ನೋಡುತ್ತ, ಮೆಲ್ಲಗೆ. “ಆ ಕೈಲಿ ಬೇಡ.”

ಅವಳೂ ಕೆಲಸಕ್ಕೆಂದು ತೈಚುಂಗ್ ಸೇರಿ, ಅಲ್ಲಿನ ಒಂಟಿ ಕೋಣೆಯಲ್ಲಿ ಉಂಡುಂಡು ರೂಢಿಯಾಗಿತ್ತು, ಚಾಪ್‌ಸ್ಟಿಕ್ ಎಡಗೈಯಲ್ಲಿತ್ತು. ಅವಳು ಅದನ್ನು ಬಲಗೈಗೆ ದಾಟಿಸಿದಳು. ಉಂಡೆ ಜಾರಿ ಬಟ್ಟಲಿಗೇ ಬಿತ್ತು, ಸಾರು ಕೆಂಪು ಹಾಳೆಯ ಮೇಲೆ ಚೆಲ್ಲಿತು. ಅವಳು ಅದನ್ನು ಮತ್ತೆ ಹಿಡಿಯಲು ನೋಡಿದಳು. ಅಷ್ಟರಲ್ಲಿ ಯಾರೋ ಬೋರ್ಡಿನ ದೀಪ ಹಾಕಿದರು. ಮೇಲೆ ಮಗು ಚಾವಿಯನ್ನು ಬಲಗೈಯಲ್ಲೇ ಹಿಡಿದಿತ್ತು.