ಒಳಗೆ ಉಳಿದವರು

ಮಗಳು ನೀರಿನ ಬಾಟಲಿ ಮರೆತು ಹೋಗಿದ್ದಳು. ಅಮ್ಮ ಕೆಲಸ ಮಾಡುವ ಔಷಧಿ ಅಂಗಡಿಗೂ ಶಾಲೆಗೂ ಒಂದೇ ಬೀದಿ ದೂರ. ಮಾಲೀಕರಿಗೆ ಹೇಳಿ ಬಾಟಲಿ ಹಿಡಿದು ಹೊರಟಳು. ಆಟದ ಬಿಡುವಿನ ಹೊತ್ತು; ಅಂಗಳದ ತುಂಬ ಮಕ್ಕಳು. ಎಷ್ಟು ಕಣ್ಣಾಡಿಸಿದರೂ ಬುಗುರಿ ಮಾತ್ರ ಕಾಣಲಿಲ್ಲ. ಒಂದು ಕಡೆ ನಿಲ್ಲದ ಮಗಳಿಗೆ ಮನೆಯವರು ಇಟ್ಟ ಹೆಸರು ಅದು.

ಅವಳು ಸಿಕ್ಕಿದ್ದು ತರಗತಿಯೊಳಗೆ. ಇನ್ನೂ ಮೂವರ ಜೊತೆ ಕೂತು ಬೋರ್ಡಿನ ಮೇಲಿದ್ದುದನ್ನು ಬರೆದುಕೊಳ್ಳುತ್ತಿದ್ದಳು. ಹೊರಗೆ ಯಾರೋ "ಔಟ್" ಎಂದು ಕೂಗಿದಾಗ ನಾಲ್ಕೂ ತಲೆಗಳು ಕಿಟಕಿಯತ್ತ ತಿರುಗಿ, ಮತ್ತೆ ಬಗ್ಗಿದವು.

"ಏನು ತಪ್ಪು ಮಾಡಿದೆ?" ಅಮ್ಮ ಮೆಲ್ಲಗೆ ಕೇಳಿದಳು.

"ಏನೂ ಮಾಡಿಲ್ಲಮ್ಮ. ಬರೆದು ಮುಗಿದಿಲ್ಲ."

"ನಿನ್ನೆ ಆಡಿದೆ ತಾನೆ?"

"ನಿನ್ನೇನೂ ಮುಗಿದಿರ್ಲಿಲ್ಲ. ನಂದು ಯಾವತ್ತೂ ಮುಗಿಯಲ್ಲ." ಎಲ್ಲರಿಗೂ ಗೊತ್ತಿರುವ ಸಂಗತಿ ಎಂಬಂತೆ ಹೇಳಿ ಮಗಳು ಬಾಟಲಿ ತೆಗೆದುಕೊಂಡಳು.

ದಿನವೂ ಸಂಜೆ ಮನೆಗೆ ಬಂದ ಮಗಳು ಕಾರಣವಿಲ್ಲದೆ ತಮ್ಮನ ಮೇಲೆ ಹರಿಹಾಯುವುದು, ಬೆಳಿಗ್ಗೆ ಹೊಟ್ಟೆನೋವೆಂದು ಮುಸುಕೆಳೆಯುವುದು, ಎಲ್ಲವೂ ಅಮ್ಮನಿಗೆ ಈಗ ಅರ್ಥವಾಯಿತು.

ಶಾಲೆ ಬಿಟ್ಟ ಮೇಲೆ ಜಗಳಕ್ಕೇ ಸಿದ್ಧಳಾಗಿ ಟೀಚರ ಬಳಿ ಹೋದಳು. ಚಿಕ್ಕ ವಯಸ್ಸಿನ ಟೀಚರ್. ಪಾಠ ಮಾಡಿ ಮಾಡಿ ಗಂಟಲು ಕಟ್ಟಿತ್ತು, ಊಟದ ಡಬ್ಬಿ ಮೇಜಿನ ಮೇಲೆ ಮುಚ್ಚಿದಂತೆಯೇ ಇತ್ತು. ಅದನ್ನು ಕಂಡು ಅಮ್ಮನ ಸಿಟ್ಟು ಅರ್ಧ ಇಳಿಯಿತು.

"ನನಗೂ ಇಷ್ಟ ಇಲ್ಲ ಅಕ್ಕ," ಎಂದರು ಟೀಚರ್. "ಪಾಠ ಹಿಂದೆ ಬಿದ್ರೆ ನನ್ನನ್ನೇ ಕೇಳ್ತಾರೆ. ಇನ್ನು ಯಾವಾಗ ಬರೆಸ್ಲಿ?"

"ಆಟ ತಪ್ಪಿಸಿ ಬರೆಸಿದ್ದಕ್ಕೆ ಬೇಗ ಬರೆಯೋಕೆ ಬಂತಾ?"

ಟೀಚರ್ ಊಟದ ಡಬ್ಬಿಯನ್ನು ಪಕ್ಕಕ್ಕೆ ಸರಿಸಿದರು. "ಇಲ್ಲ. ಆಮೇಲಿನ ಪಾಠದಲ್ಲಿ ಆ ನಾಲ್ಕು ಜನ ತೂಕಡಿಸ್ತಾರೆ. ನೀವು ಪೋಷಕರ ಸಭೇಲಿ ಮಾತೆತ್ತಿ. ನಾನೂ ಹೇಳ್ತೀನಿ."

ಸಭೆಯಲ್ಲಿ ಅಮ್ಮ ಮಾತೆತ್ತಿದಾಗ ಒಬ್ಬ ತಂದೆ ಅಡ್ಡ ಬಂದರು. "ನನ್ನ ಮಗ ಮುಗಿಸ್ತಾನೆ, ಆಡ್ತಾನೆ. ಮುಗಿಸದೆ ಇರೋರು ಕೂತ್ಕೊಳ್ಳಲಿ. ಶಾಲೆಗೆ ಕಳಿಸೋದು ಓದೋಕೆ ತಾನೆ?" ಒಂದಿಬ್ಬರು ಹೌದೆಂದು ತಲೆಯಾಡಿಸಿದರು.

ಅಮ್ಮ ಅವರ ಕಡೆ ತಿರುಗಿದಳು. "ನಿಧಾನಕ್ಕೆ ಬರೆಯೋ ಮಗುಗೆ ಊಟ ಕಮ್ಮಿ ಬಡಿಸ್ತೀವಾ ಸರ್? ಆಟಾನೂ ಹಾಗೇ, ಎಲ್ಲರ ಮೈಗೂ ಬೇಕು. ನನ್ನ ಮಗಳಿಗೆ ಜಾಸ್ತಿ ಕೊಡಿ ಅಂತಿಲ್ಲ. ಎಲ್ಲರ ಜೊತೆ ಬಿಡಿ ಅಷ್ಟೇ."

"ಬರೆಯೋದು ಯಾರು ಮುಗಿಸ್ತಾರೆ?" ಎಂದರು ಹೆಡ್‌ಮಿಸ್.

ಟೀಚರ್ ಎದ್ದು ನಿಂತರು. "ಅವರಿಗೆ ಅರ್ಧ ಬರೆಸ್ತೀನಿ ಮೇಡಂ. ಕಲಿತರೆ ಸಾಕಲ್ವಾ? ತಪ್ಪು ಮಾಡದ ಮಕ್ಕಳನ್ನ ಕೂಡಿ ಹಾಕೋಕೆ ನನಗೆ ಆಗ್ತಿಲ್ಲ."

ಹೆಡ್‌ಮಿಸ್ ಕನ್ನಡಕ ತೆಗೆದು ಒರೆಸಿದರು. "ಸರಿ, ಈ ಟರ್ಮ್ ಮಾಡಿ ನೋಡೋಣ. ಬೆಲ್ ಆದ್ಮೇಲೆ ಯಾವ ಮಗೂನೂ ಒಳಗಿರೋದು ಬೇಡ."

ಮರುದಿನ ಅಮ್ಮನಿಗೆ ಅಂಗಡಿಯಲ್ಲಿ ನಿಲ್ಲಲಾಗಲಿಲ್ಲ. ಬಿಡುವಿನ ಹೊತ್ತಿಗೆ ಶಾಲೆಯ ಗೇಟಿನ ಹೊರಗೆ ಬಂದು ನಿಂತಳು. ನಾಲ್ವರೂ ಹೊರಗೆ ಬಂದಿದ್ದರು, ಆದರೆ ಗೋಡೆಗೆ ಅಂಟಿಕೊಂಡು ನಿಂತಿದ್ದರು. ಅವರು ಒಳಗಿದ್ದಾಗ ಗುಂಪುಗಳು ಆಗಿಹೋಗಿದ್ದವು, ಆಟದ ನಿಯಮಗಳೂ ಬದಲಾಗಿದ್ದವು. ಬುಗುರಿ ಹಗ್ಗ ಹಾರುವವರ ಬಳಿ ಹೋದಳು. ಅವರೇನೋ ಅಂದರು, ಬಂದ ದಾರಿಯಲ್ಲೇ ವಾಪಸಾದಳು.

ಅಮ್ಮನ ಕೈ ಗೇಟಿನ ಚಿಲಕಕ್ಕೆ ಹೋಯಿತು. ಮನಸ್ಸು ಗಟ್ಟಿ ಮಾಡಿಕೊಂಡು ಕೈ ಹಿಂದಕ್ಕೆ ತೆಗೆದಳು.

ಗೋಡೆಯ ಹತ್ತಿರ ಏನೋ ಗುಸುಗುಸು ನಡೆಯಿತು. ಇದ್ದಕ್ಕಿದ್ದಂತೆ ಬುಗುರಿ ಪಕ್ಕದವನ ಬೆನ್ನು ಮುಟ್ಟಿ ಓಟ ಕಿತ್ತಳು. ಉಳಿದ ಮೂವರೂ ಅವಳ ಹಿಂದೆ ಬಿದ್ದರು. ಒಬ್ಬ ಎಡವಿ ಬಿದ್ದ, ಎದ್ದ, ಮತ್ತೆ ಓಡಿದ.

ಸಂಜೆ ಮಗಳು ಮಣ್ಣಾದ ಮಂಡಿ ತೊಳೆಯುತ್ತ, "ಹಗ್ಗದವರು ನೀನು ಲೆಕ್ಕಕ್ಕಿಲ್ಲ ಅಂದ್ರು," ಎಂದಳು.

"ಬೇಜಾರಾಯ್ತಾ?"

"ಆಯ್ತು." ನೀರು ಸುರಿದುಕೊಂಡು ಸ್ವಲ್ಪ ಯೋಚಿಸಿದಳು. "ನಾಳೆ ಅವರು ನಮ್ಮ ಆಟಕ್ಕೆ ಬರ್ತೀವಿ ಅಂದ್ರೆ, ಸೇರಿಸ್ಕೋಬೇಕಾ ಬೇಡ್ವಾ ಅಂತ ನಾವು ನಾಲ್ಕು ಜನ ಇನ್ನೂ ತೀರ್ಮಾನ ಮಾಡಿಲ್ಲ."

ಅಮ್ಮ ನಗು ತಡೆಯಲಾರದೆ ಟವೆಲಿನಿಂದ ಮಗಳ ಕಾಲು ಒರೆಸತೊಡಗಿದಳು.