ಗಂಜಿ ಪಾತ್ರೆಯ ಪಂಚ್

ಬಟ್ಟೆಗೆ ಹಾಕುವ ಗಂಜಿ ಕಾಯಿಸುವ ದೊಡ್ಡ ಪಾತ್ರೆಯೊಳಗೆ ಅರ್ಧ ಮೈ ಬಗ್ಗಿಸಿ ತಿಕ್ಕುತ್ತಿದ್ದ ದೊಡ್ಡಕ್ಕ ತಲೆ ಎತ್ತದೆಯೇ ಕೂಗಿದಳು. "ಯಾರದು ಅಲ್ಲಿ ನಿಂತಿರೋದು? ಸುಮ್ನೆ ನಿಂತಿರೋ ಬದ್ಲು ಆ ಬಿಸಿನೀರಿನ ನಲ್ಲಿ ಆದ್ರೂ ತಿರುಗ್ಸಿ."

ಯಾರೂ ತಿರುಗಿಸಲಿಲ್ಲ. ಬಾಗಿಲ ಬಳಿ ನಿಂತಿದ್ದವಳು ರೇಡಿಯೋ. ಟವೆಲು ಮಡಚುವ ಕೆಲಸದ ಹೆಂಗಸು. ಬೆಳಿಗ್ಗೆ ಬಂದಾಗ ಶುರುವಾದ ಮಾತು ಸಂಜೆ ಚಪ್ಪಲಿ ಮೆಟ್ಟುವವರೆಗೂ ನಿಲ್ಲದ್ದರಿಂದ ಆ ಹೆಸರು ಅಂಟಿಕೊಂಡಿತ್ತು. ಅಂಥವಳೂ ಇವತ್ತು ಸೆರಗಿನ ತುದಿ ಸುರುಳಿ ಸುತ್ತುತ್ತ ನಿಂತಿದ್ದಳು.

"ಅಕ್ಕಾ, ಬೇಡ ಕಣಕ್ಕಾ. ಮ್ಯಾನೇಜರ್ ಬೇಡ ಅಂದ್ಮೇಲೆ ಯಾಕೆ ಸುಮ್ನೆ..."

"ಅವ್ರು ಬೇಡ ಅಂದಿದ್ದು ನನ್ನನ್ನ. ಹಣ್ಣಿನ ಪಂಚನ್ನಲ್ಲ," ಎಂದು ದೊಡ್ಡಕ್ಕ ತಾನೇ ಎದ್ದು ನಲ್ಲಿ ತಿರುಗಿಸಿದಳು.

ದೊಡ್ಡ ಹೋಟೆಲೊಂದರ ನೆಲಮಾಳಿಗೆಯ ಲಾಂಡ್ರಿ ಅದು. ಮೇಲೆ ರತ್ನಗಂಬಳಿ, ಹೂದಾನಿ, ಮೆಲುದನಿಯ ಸಂಗೀತ. ಕೆಳಗೆ ಹಬೆ, ಸೋಪಿನ ಘಾಟು, ಪಕ್ಕದಲ್ಲಿದ್ದವರಿಗೂ ಕೂಗಿಯೇ ಹೇಳಬೇಕಾದಷ್ಟು ಯಂತ್ರಗಳ ಗದ್ದಲ. ಸೂರಿನ ಅಂಚಿನಲ್ಲಿ ಒಂದು ಗೇಣು ಕಿಟಕಿ. ಅದರಾಚೆ ಬೀದಿಯಲ್ಲಿ ಹೋಗಿಬರುವವರ ಕಾಲುಗಳು ಮಾತ್ರ ಕಾಣುತ್ತಿದ್ದವು. ಆ ಕಾಲುಗಳನ್ನು ನೋಡಿಯೇ ಹೊರಗೆ ಮಳೆಯೋ ಬಿಸಿಲೋ ಎಂದು ದೊಡ್ಡಕ್ಕ ಹೇಳುತ್ತಿದ್ದಳು. ತಲೆಗೂದಲು ಕಪ್ಪಗಿದ್ದಾಗ ಒಗೆಯುವ ಯಂತ್ರದ ಮುಂದೆ ಬಂದು ನಿಂತವಳು, ಅದು ಪೂರ್ತಿ ಬೆಳ್ಳಗಾಗುವವರೆಗೂ ಅಲ್ಲೇ ನಿಂತಿದ್ದಳು.

ಅಲ್ಲಿ ಒಂದು ಪದ್ಧತಿಯಿತ್ತು. ಕೆಲಸ ಬಿಟ್ಟು ಹೋಗುವವರು ಯಾರೇ ಇರಲಿ, ಮದುವೆಯಾಗಿ ಹೋಗಲಿ, ವಯಸ್ಸಾಗಿ ಹೋಗಲಿ, ಇಲ್ಲಿಯವರೆಲ್ಲರ ಜೊತೆ ಜಗಳ ಕಾದೇ ಹೋಗಲಿ, ಕೊನೆಯ ದಿನ ಮಧ್ಯಾಹ್ನದ ವಿರಾಮದಲ್ಲಿ ಅವರಿಗೊಂದು ಪಾರ್ಟಿ. ಮೇಜುಬಟ್ಟೆಗೆ ಗಂಜಿ ಕಾಯಿಸುವ ಪಾತ್ರೆಯನ್ನು ತೊಳೆದು ಅದರಲ್ಲಿ ಹಣ್ಣಿನ ಪಂಚ್. ಪ್ರತಿಯೊಬ್ಬರೂ ಕೈಲಾದ ಹಣ್ಣು ತರಬೇಕು. ಹೋಗುವವರು ಮಾತ್ರ ಕಡ್ಡಿಯನ್ನೂ ಎತ್ತಿಡುವಂತಿಲ್ಲ. ಲಾಂಡ್ರಿಯಲ್ಲಿ ಬೆನ್ನು ಒರಗಿಸಲು ಬರುವ ಒಂದೇ ಕುರ್ಚಿಯಲ್ಲಿ ಮಹಾರಾಣಿಯ ಹಾಗೆ ಕೂತು ಮೊದಲ ಲೋಟ ಕುಡಿಯಬೇಕು. ಒಮ್ಮೆ ಯಾರೋ ಅವಸರಕ್ಕೆ ಪಾತ್ರೆ ಸರಿಯಾಗಿ ತಿಕ್ಕದೆ, ತಳದ ಗಂಜಿ ಕಲೆತು, ಪಂಚ್ ಅಂಟಿನ ಹಾಗೆ ಎಳೆ ಎಳೆಯಾಗಿ ಬಂದಿತ್ತು. ರೇಡಿಯೋ ಬಾಯಿ ಮುಚ್ಚಿದ್ದು ಜೀವಮಾನದಲ್ಲಿ ಅದೊಂದೇ ಸಲ ಎಂದು ಈಗಲೂ ನಗುತ್ತಾರೆ.

ಎಷ್ಟೋ ಜನರಿಗೆ ಆ ಪಾತ್ರೆ ತಿಕ್ಕಿದವಳು ದೊಡ್ಡಕ್ಕ. ಇವತ್ತು ತನಗಾಗಿ ತಾನೇ ತಿಕ್ಕುತ್ತಿದ್ದಳು. ಎಂಥಾ ಗ್ರಹಚಾರ ನೋಡಿ.

ನಡೆದದ್ದು ಇಷ್ಟು. ಬಟ್ಟೆ ಒಣಗಿಸಲು ಹೊತ್ತು ಹಿಡಿಯುತ್ತದೆ, ಅರೆಹಸಿ ಇದ್ದರೂ ಇಸ್ತ್ರಿ ಹಾಕಿ ಮೇಲೆ ಕಳಿಸಿ ಎಂದವನು ಮ್ಯಾನೇಜರ್. ಹಾಸಿಗೆ ತಣ್ಣಗೆ ಒದ್ದೆಯಾಗಿದೆ ಎಂದು ಮೇಲಿನ ಅತಿಥಿಯೊಬ್ಬರು ರಂಪ ಮಾಡಿದಾಗ ಅದೇ ಮ್ಯಾನೇಜರ್ ಕೆಳಗಿಳಿದು ಬಂದು ಎಲ್ಲರೆದುರು ಇಸ್ತ್ರಿಯವಳ ಮೇಲೆ ಹರಿಹಾಯ್ದ. ಆ ಇಸ್ತ್ರಿಯವಳೋ, ಜಿರಲೆಗೂ ದಾರಿ ಬಿಡುವ ಜೀವ. ಎರಡು ಮಕ್ಕಳ ತಾಯಿಯಾದರೂ ಅವಳನ್ನು ಎಲ್ಲರೂ ಪುಕ್ಕಲಿ ಎಂದೇ ಕರೆಯುತ್ತಿದ್ದರು. ಅವಳು ತಲೆ ತಗ್ಗಿಸಿ ಗಡಗಡ ನಡುಗುತ್ತಿದ್ದಾಗ ದೊಡ್ಡಕ್ಕ ಯಂತ್ರ ನಿಲ್ಲಿಸಿ ಬಂದು, "ಹಸಿ ಇದ್ರೂ ಕಳ್ಸಿ ಅಂದೋರು ನೀವೇ ಅಲ್ವಾ ಸಾರ್? ಅವ್ಳನ್ನ ಯಾಕೆ ಬೈತೀರಾ?" ಎಂದುಬಿಟ್ಟಳು.

ಸತ್ಯ ಹೇಳಿದ್ದಕ್ಕೆ ಸಿಕ್ಕ ಬಹುಮಾನ, ಕೆಲಸದಿಂದ ವಜಾ. ಅದಾದರೂ ಆಗಲಿ ಎನ್ನಬಹುದಿತ್ತು. ಆದರೆ ಮ್ಯಾನೇಜರ್ ಪುಕ್ಕಲಿಯನ್ನು ತನ್ನ ಕೋಣೆಗೆ ಕರೆಸಿ, "ನಾನು ಹಾಗೆ ಹೇಳಿದ್ನೇನಮ್ಮಾ?" ಎಂದು ಕೇಳಿದಾಗ ಅವಳು, "ನಂಗೇನೂ ಗೊತ್ತಿಲ್ಲ ಸಾರ್," ಎಂದಳು. ದೊಡ್ಡಕ್ಕ ಬಾಗಿಲ ಹೊರಗೇ ನಿಂತಿದ್ದಳು, ಕೇಳಿಸಿಕೊಂಡಳು. ಕರುಳಿಗೆ ಚುಚ್ಚಿದ್ದು ವಜಾ ಅಲ್ಲ, ಆ ಮಾತು.

ನಿನ್ನೆ ಮತ್ತೊಂದು ಆಜ್ಞೆ ಬಂತು. ತೆಗೆದು ಹಾಕಿದವರಿಗೆ ಪಾರ್ಟಿಗೀರ್ಟಿ ಇಲ್ಲ, ಅವಳ ಜೊತೆ ಲೋಟ ಹಿಡಿದವರು ಅವಳ ಹಿಂದೆಯೇ ಗಂಟುಮೂಟೆ ಕಟ್ಟಲಿ. ಹಾಗಾಗಿ ಈ ದಿನ ಯಾರ ಚೀಲದಲ್ಲೂ ಒಂದು ನಿಂಬೆಹಣ್ಣು ಕೂಡ ಇರಲಿಲ್ಲ. ದೊಡ್ಡಕ್ಕನ ಚೀಲ ಮಾತ್ರ ಹೆಗಲು ಜಗ್ಗುವಷ್ಟು ಭಾರವಾಗಿತ್ತು.

ವಿರಾಮದ ಗಂಟೆಯಾಯಿತು. ಯಂತ್ರಗಳು ಒಂದೊಂದಾಗಿ ಗೊರಗುಟ್ಟಿ ನಿಂತವು. ಎಲ್ಲರೂ ಗೋಡೆಯುದ್ದಕ್ಕೂ ಕೂತು ತಮ್ಮ ತಮ್ಮ ಊಟದ ಡಬ್ಬಿ ಬಿಚ್ಚಿದರು, ಯಾರೂ ಯಾರ ಮುಖವನ್ನೂ ನೋಡಲಿಲ್ಲ. ದೊಡ್ಡಕ್ಕ ಮಡಚುವ ಮೇಜಿನ ಮೇಲೆ ಹಳೆಯ ಮೇಜುಬಟ್ಟೆಯೊಂದನ್ನು ಹಾಸಿದಳು. ಮೂಲೆಯಲ್ಲಿ ಸಿಗರೇಟು ಸುಟ್ಟ ತೂತು ಬಿದ್ದು, ಮೇಲಕ್ಕೆ ಹೋಗಲು ಲಾಯಕ್ಕಿಲ್ಲವೆಂದು ಎಂದೋ ಕೆಳಗೇ ಉಳಿದ ಬಟ್ಟೆ. ಆದರೂ ಹಾಲಿನಷ್ಟು ಬೆಳ್ಳಗಿತ್ತು. ಅದರ ಮೇಲೆ ಪಾತ್ರೆಯನ್ನಿಟ್ಟು ಕೆಲಸಕ್ಕೆ ನಿಂತಳು.

ಮೊದಲು ಸಕ್ಕರೆಯನ್ನು ನೀರಿನಲ್ಲಿ ಕದಡಿ ಕರಗಿಸಿದಳು. ಕಿತ್ತಳೆಯನ್ನು ಅಡ್ಡಡ್ಡ ಕೊಯ್ದು ಒಂದು ಕೈಯಲ್ಲೇ ಹಿಂಡಿದಳು. ಒದ್ದೆ ಬೆಡ್‌ಶೀಟು ಹಿಂಡಿ ಪಳಗಿದ ಆ ಮುಷ್ಟಿಯಲ್ಲಿ ಹಣ್ಣಿಗೆ ಉಳಿಗಾಲವಿರಲಿಲ್ಲ. ಅನಾನಸನ್ನು ಸಣ್ಣಗೆ ಹೆಚ್ಚಿ ಹಾಕಿದಳು. ನಿಂಬೆರಸ, ಜಜ್ಜಿದ ಒಂದು ಚೂರು ಶುಂಠಿ. ಕೊನೆಗೆ ಕಪ್ಪು ದ್ರಾಕ್ಷಿಯನ್ನು ಬೊಗಸೆ ಬೊಗಸೆಯಾಗಿ ಕಿವುಚಿದಳು. ಮೊಣಕೈವರೆಗೂ ನೇರಳೆ ಬಣ್ಣ ಇಳಿಯಿತು, ಪಾತ್ರೆಯೊಳಗಿನ ಹಳದಿಯೆಲ್ಲ ಕೆಂಪಾಯಿತು.

"ದ್ರಾಕ್ಷಿ ಹಾಕ್ಬಿಟ್ಯಲ್ಲಕ್ಕಾ, ಬಟ್ಟೆ ಮೇಲೆ ಬಿದ್ರೆ?" ರೇಡಿಯೋಗೆ ತಡೆಯಲಾಗಲಿಲ್ಲ.

"ಬಿದ್ರೆ ಬೀಳುತ್ತೆ. ತಣ್ಣೀರಲ್ಲಿ ನೆನೆಸಿದ್ರೆ ಹೋಗುತ್ತೆ. ಕಾವು ತಾಕಿಸ್ಬಾರ್ದು ಅಷ್ಟೆ."

ಆ ಲಾಂಡ್ರಿಗೆ ಯಾರೇ ಹೊಸದಾಗಿ ಸೇರಲಿ, ದೊಡ್ಡಕ್ಕ ಕಿವಿ ಹಿಂಡಿ ಹೇಳಿಕೊಡುತ್ತಿದ್ದ ಮೊದಲ ಪಾಠ ಅದು. ಹಣ್ಣಿನ ಕಲೆಯನ್ನು ಒಗೆಯದೆ ಇಸ್ತ್ರಿ ಇಟ್ಟರೆ ಅದು ನೂಲಿಗೆ ಕಚ್ಚಿಕೊಂಡುಬಿಡುತ್ತದೆ. ಆಮೇಲೆ ತಲೆಕೆಳಗಾಗಿ ನಿಂತರೂ ಬಿಡದು. ಪುಕ್ಕಲಿ ಸೇರಿದ ಹೊಸತರಲ್ಲಿ ಒಮ್ಮೆ ಈ ತಪ್ಪು ಮಾಡಿ, ದೊಡ್ಡಕ್ಕನ ಬೈಗುಳ ತಿಂದು, ಅದೇ ದೊಡ್ಡಕ್ಕನ ತೊಡೆಯ ಮೇಲೆ ತಲೆಯಿಟ್ಟು ಅತ್ತಿದ್ದಳು.

ಐಸ್ ಇರಲಿಲ್ಲ. ಯಾವಾಗಲೂ ಮೇಲಿನ ಅಡುಗೆಮನೆಯಿಂದ ಬರುತ್ತಿತ್ತು. ಇವತ್ತು ಕೊಡಕೂಡದೆಂದು ಅಲ್ಲಿಗೂ ಹೇಳಿಕೆ ಹೋಗಿತ್ತು. "ಪರ್ವಾಗಿಲ್ಲ, ಬೆಚ್ಚಗೇ ಕುಡೀತೀನಿ," ಎಂದು ದೊಡ್ಡಕ್ಕ ಒಂದು ಲೋಟ ತುಂಬಿಕೊಂಡು, ಒರಗುವ ಕುರ್ಚಿಯನ್ನು ತಾನೇ ಎಳೆದು ಹಾಕಿಕೊಂಡು, ಎಲ್ಲರ ಎದುರು ಧಿಮ್ಮನೆ ಕೂತಳು.

"ನೋಡಿ, ಯಾರ್ನೂ ಕರೆಯೋದಿಲ್ಲ. ನಿಮ್ಗೂ ಹೊಟ್ಟೆಪಾಡು ಇದೆ. ಆದ್ರೆ ಕದ್ದು ಓಡಿ ಹೋಗೋಳ ಹಾಗೆ ನಾನಂತೂ ಹೋಗಲ್ಲ. ಎಲ್ರೂ ಹೇಗೆ ಹೋದ್ರೋ ಹಾಗೇ ಹೋಗ್ತೀನಿ," ಎಂದು ಲೋಟ ಎತ್ತಿ ಒಂದೇ ಗುಟುಕಿಗೆ ಅರ್ಧ ಮುಗಿಸಿದಳು.

ಡಬ್ಬಿಗಳ ಸದ್ದು ನಿಂತಿತು. ಡ್ರೈಯರ್ ನೋಡಿಕೊಳ್ಳುವ ಉದ್ದಣ್ಣ, ಬಾಗಿಲು ದಾಟುವಾಗಲೆಲ್ಲ ತಲೆ ತಗ್ಗಿಸಬೇಕಾದ ಆಸಾಮಿ, ಎದ್ದು ಕೈ ತೊಳೆದು ಹೊರಗೆ ಹೋದ. ದೊಡ್ಡಕ್ಕ ಲೋಟದೊಳಗೆ ನೋಡುತ್ತ ಕೂತಳು. ಎಷ್ಟೇ ಗಟ್ಟಿ ಹೆಂಗಸಾದರೂ ಒಬ್ಬಳೇ ಕುಡಿಯುವ ಪಂಚ್ ಪಂಚಾಗುತ್ತದೆಯೇ?

ಉದ್ದಣ್ಣ ವಾಪಸು ಬಂದಾಗ ಅವನ ಕೈಯಲ್ಲಿ ಬಕೆಟ್ಟು ಇತ್ತು. ಬೀದಿ ಕೊನೆಯ ಜ್ಯೂಸ್ ಅಂಗಡಿಯಿಂದ ತಂದ ಐಸ್. ಅದನ್ನು ಪಾತ್ರೆಗೆ ಸುರಿದಾಗ ಎದ್ದ ಗಲಗಲ ಸದ್ದಿಗೆ ಎಲ್ಲರೂ ಬೆಚ್ಚಿಬಿದ್ದರು. ಅವನು ತಾನೇ ಒಂದು ಲೋಟ ಅದ್ದಿ, ಕುಡಿದು, ಬಾಯಿ ಒರೆಸಿಕೊಂಡು, "ಸಕ್ಕರೆ ಕಮ್ಮಿ," ಎಂದ.

"ಬಿಟ್ಟಿ ಕುಡಿಯೋನಿಗೆ ಬಾಯಿ ಬೇರೆ!" ದೊಡ್ಡಕ್ಕ ಗದರಿದಳು. ಗದರುತ್ತಲೇ ಉಳಿದ ಸಕ್ಕರೆಯನ್ನು ಪಾತ್ರೆಗೆ ಸುರಿದಳು.

ಆಮೇಲೆ ಕಟ್ಟೆ ಒಡೆಯಿತು. ರೇಡಿಯೋ ಬಂದಳು, "ಏನಾದ್ರೂ ಆಗ್ಲಿ, ನಂಗೆ ಬಾಯಾರಿಕೆ" ಎನ್ನುತ್ತ. ಅವಳ ಹಿಂದೆ ಉಳಿದವರು. ತುಳುಕಿದ ಲೋಟಗಳನ್ನು ಬಿಳಿ ಬಟ್ಟೆಯ ಮೇಲೆ ಇಟ್ಟು ಎತ್ತಿ, ಇಟ್ಟು ಎತ್ತಿ, ಅಲ್ಲೆಲ್ಲ ಕೆಂಪು ಬಳೆಗಳಂಥ ಗುರುತು ಮೂಡಿದವು. ಹಳೆಯ ಅಂಟು ಪಂಚಿನ ಕಥೆ ಮತ್ತೆ ಬಂತು, ನಗು ಎದ್ದಿತು.

ಪುಕ್ಕಲಿ ಮಾತ್ರ ತನ್ನ ಇಸ್ತ್ರಿ ಮೇಜಿನ ಹಿಂದಿನಿಂದ ಅಲುಗಲಿಲ್ಲ. ದೊಡ್ಡಕ್ಕ ಇನ್ನೊಂದು ಲೋಟ ತುಂಬಿಕೊಂಡು ಅವಳ ಬಳಿಗೆ ಹೋದಳು.

"ಅಕ್ಕಾ, ನನ್ ಮೇಲೆ ಸಿಟ್ಟಾ?" ಪುಕ್ಕಲಿ ಪಿಸುಗುಟ್ಟಿದಳು.

"ಸಿಟ್ಟಿಲ್ಲ ಅನ್ನೋಕೆ ನಾನೇನು ದೇವ್ರಾ? ಇದೆ. ಮೈಯೆಲ್ಲ ಉರೀತಿದೆ. ನಿನಗೋಸ್ಕರ ಬಾಯಿ ಬಿಟ್ಟೆ, ನೀನು ಬಾಯಿ ಮುಚ್ಕೊಂಡೆ."

"ಮಕ್ಕಳು ಅಕ್ಕಾ..."

"ಗೊತ್ತು ಕಣೇ. ಅದಕ್ಕೇ ಬರೀ ಸಿಟ್ಟು. ಇಲ್ದಿದ್ರೆ ಮುಖಾನೂ ನೋಡ್ತಿರ್ಲಿಲ್ಲ." ಲೋಟವನ್ನು ಇಸ್ತ್ರಿ ಮೇಜಿನ ಅಂಚಿನಲ್ಲಿಟ್ಟಳು. "ಇಲ್ಲಿಟ್ಟಿದೀನಿ. ಕುಡಿ, ಬಿಡು, ನಿನ್ನಿಷ್ಟ," ಎಂದು ಮತ್ತೆ ತನ್ನ ಕುರ್ಚಿಗೆ ಬಂದು ಕೂತಳು.

ಅಷ್ಟರಲ್ಲಿ ಮೆಟ್ಟಿಲ ಮೇಲೆ ಬೂಟಿನ ಸದ್ದಾಯಿತು. ಲೋಟಗಳು ಬೆನ್ನ ಹಿಂದೆ, ಟವೆಲಿನ ರಾಶಿಯೊಳಗೆ, ಬಕೆಟ್ಟಿನ ಅಡಿಗೆ ಮಾಯವಾದವು. ಒಳಗೆ ಬಂದ ಮ್ಯಾನೇಜರ್ ಪಾತ್ರೆ ನೋಡಿದ, ಬಟ್ಟೆಯ ಮೇಲಿನ ಬಳೆಗಳನ್ನು ನೋಡಿದ.

"ಯಾರ್ಯಾರು ಕುಡಿದ್ರಿ?"

ಮೂಲೆಯಲ್ಲಿ ಸಂಜೆಯ ಔತಣಕ್ಕೆ ಇಸ್ತ್ರಿಯಾಗಬೇಕಾದ ಮೇಜುಬಟ್ಟೆಗಳು ಗುಡ್ಡದ ಹಾಗೆ ಬಿದ್ದಿದ್ದವು. ಅವನ ಕಣ್ಣು ಅದರ ಮೇಲೂ ಹೋಯಿತು. ಇವರನ್ನೆಲ್ಲ ಈಗಲೇ ಓಡಿಸಿದರೆ ಸಂಜೆ ತಾನೇ ಇಸ್ತ್ರಿ ಹಿಡಿಯಬೇಕಾದೀತು ಎಂಬುದು ಅವನಿಗೂ ಹೊಳೆದಿರಬೇಕು. ದನಿ ತಗ್ಗಿಸಿದ.

"ಸರಿ, ಆ ಪಾತ್ರೆ ಚೆಲ್ಲಿ. ಆ ಬಟ್ಟೇನ ಈಗ್ಲೇ ಒಗೆದುಹಾಕಿ. ಇಲ್ಲೇನೂ ನಡೀಲೇ ಇಲ್ಲ. ನಾನೂ ಏನೂ ನೋಡ್ಲಿಲ್ಲ. ಆಯ್ತಾ?"

ಆಯಿತು ಎಂದೇ ಎಲ್ಲರೂ ಅಂದುಕೊಂಡರು. ರೇಡಿಯೋ ಬಟ್ಟೆಯ ತುದಿಗೆ ಕೈ ಹಾಕಿಯೂ ಇದ್ದಳು. ಆಗ ಪುಕ್ಕಲಿ ಇಸ್ತ್ರಿ ಮೇಜಿನ ಅಂಚಿನಿಂದ ಲೋಟ ಎತ್ತಿಕೊಂಡಳು. ಎತ್ತಿದ ರಭಸಕ್ಕೆ ಅರ್ಧ ಚೆಲ್ಲಿತು. ಉಳಿದದ್ದನ್ನು ಕಣ್ಣು ಮುಚ್ಚಿ, ಕಹಿ ಔಷಧ ಕುಡಿಯುವವಳ ಹಾಗೆ ಗಟಗಟ ಕುಡಿದಳು. ನಡೆದು ಬಂದು ಒದ್ದೆ ಲೋಟವನ್ನು ಬಿಳಿ ಬಟ್ಟೆಯ ನಟ್ಟನಡುವೆ ಇಟ್ಟು ಅದುಮಿದಳು, ಎತ್ತಿದಳು. ಪಾತ್ರೆಯನ್ನು ಪಕ್ಕಕ್ಕೆ ಸರಿಸಿ, ಬಟ್ಟೆಯನ್ನು ಸರ್ರನೆ ಎಳೆದುಕೊಂಡು ತನ್ನ ಮೇಜಿನ ಮೇಲೆ ಹರಡಿದಳು. ಇಸ್ತ್ರಿ ಕೈಗೆತ್ತಿಕೊಂಡಳು.

"ಏ, ಏನ್ ಮಾಡ್ತಿದೀಯೇ!" ದೊಡ್ಡಕ್ಕ ಕುರ್ಚಿಯಿಂದ ಹಾರಿ ಎದ್ದಳು. ಅಷ್ಟು ವರ್ಷಗಳ ಅಭ್ಯಾಸ, ಮಾತು ತಾನಾಗಿ ಬಂತು. "ಒಗೀದೆ ಇಸ್ತ್ರಿ ಇಡ್ತಾರೇನೇ? ಕಲೆ ಕೂತ್ಕೊಂಡ್ಬಿಡುತ್ತೆ!"

"ಕೂತ್ಕೊಳ್ಳಲಿ ಅಂತಾನೇ ಅಕ್ಕಾ," ಎಂದಳು ಪುಕ್ಕಲಿ.

ಇಸ್ತ್ರಿ ಇಳಿಯಿತು. ಚುಂಯ್ ಎಂದು ಹಬೆ ಎದ್ದಿತು, ಬಿಸಿ ದ್ರಾಕ್ಷಿಯ ವಾಸನೆ ಲಾಂಡ್ರಿಯೆಲ್ಲ ಹರಡಿತು. "ಏಯ್, ನಿಂಗೆ ಹೇಳ್ತಿರೋದು..." ಎಂದು ಮ್ಯಾನೇಜರ್ ಮುಂದೆ ಬಂದ. ಪುಕ್ಕಲಿ ತಲೆ ಎತ್ತದೆ ಹೇಳಿದಳು, "ಹಸಿ ಇದ್ರೂ ಹಾಕು ಅಂತ ನೀವೇ ಹೇಳಿದ್ದು ಸಾರ್. ನಂಗೆ ಚೆನ್ನಾಗಿ ಗೊತ್ತು."

ಉದ್ದಣ್ಣ ಬೆನ್ನ ಹಿಂದಿನ ಲೋಟವನ್ನು ಮುಂದೆ ತಂದು, ನಿಧಾನವಾಗಿ, ಕಾಣುವ ಹಾಗೆ, ಇನ್ನೊಂದು ಗುಟುಕು ಕುಡಿದ. ಟವೆಲಿನ ರಾಶಿಯೊಳಗಿಂದ, ಬಕೆಟ್ಟಿನ ಅಡಿಯಿಂದ ಉಳಿದ ಲೋಟಗಳೂ ಹೊರಬಂದವು. ಮ್ಯಾನೇಜರ್ ಇಸ್ತ್ರಿಯಾಗದ ಬಟ್ಟೆಯ ಗುಡ್ಡವನ್ನು ಮತ್ತೊಮ್ಮೆ ನೋಡಿದ. "ನಾಳೆ ನೋಡ್ಕೋತೀನಿ ನಿಮ್ಮನ್ನೆಲ್ಲ," ಎಂದು ಮೆಟ್ಟಿಲು ಹತ್ತಿದ. ನಾಳೆ ಏನಾಗುವುದೋ ಯಾರಿಗೆ ಗೊತ್ತಿತ್ತು? ಪುಕ್ಕಲಿಯ ಇಸ್ತ್ರಿ ಒಂದು ಬಳೆಯನ್ನೂ ಬಿಡದೆ ಎಲ್ಲದರ ಮೇಲೂ ಹಾದುಹೋಯಿತು. ಬಟ್ಟೆಯನ್ನು ಮೂಲೆಗೆ ಮೂಲೆ ಕೂಡಿಸಿ ಮಡಚಿ ದೊಡ್ಡಕ್ಕನ ಕೈಗಿಟ್ಟಳು.

ಸಂಜೆ ಹಿಂಬದಿಯ ಗೇಟಿನಲ್ಲಿ ಕಾವಲುಗಾರ ಎಂದಿನ ಹಾಗೆ ಚೀಲ ಬಿಚ್ಚಿಸಿದ. ಬಟ್ಟೆಯ ಮಡಿಕೆ ತೆರೆದು ನೋಡಿ ನಕ್ಕ.

"ಏನ್ ದೊಡ್ಡಕ್ಕಾ, ಇಷ್ಟು ವರ್ಷ ಒಗೆದೂ ಈ ಕಲೆ ತೆಗೆಯೋಕಾಗ್ಲಿಲ್ವಾ?"

"ಇದು ಹೋಗಲ್ಲಪ್ಪಾ," ಎಂದಳು ದೊಡ್ಡಕ್ಕ, ಬಟ್ಟೆಯನ್ನು ಅವನ ಕೈಯಿಂದ ತೆಗೆದುಕೊಳ್ಳುತ್ತ.

ಅದನ್ನು ಮತ್ತೆ ಚೀಲಕ್ಕೆ ಹಾಕಲಿಲ್ಲ. ಎದೆಗವಚಿಕೊಂಡು ಬೀದಿಗಿಳಿದಳು. ಗೋಡೆಯ ಬುಡದಲ್ಲಿ ಲಾಂಡ್ರಿಯ ಆ ಗೇಣು ಕಿಟಕಿಯಲ್ಲಿ ದೀಪ ಉರಿಯುತ್ತಿತ್ತು. ಅದರ ಮುಂದೆ ಬಂದಾಗ ಹೆಜ್ಜೆ ನಿಧಾನ ಮಾಡಿ, ಒಳಗಿನವರಿಗೆ ತನ್ನ ಕಾಲುಗಳು ಕಾಣುವಷ್ಟು ಹೊತ್ತು ಅಲ್ಲೇ ನಿಂತಳು.