ಫ್ರಿಜ್ಜಿನಲ್ಲಿಟ್ಟ ರಕ್ತ

ಆಫೀಸಿನಲ್ಲಿ ಅವಳಿಗೆ ಜರಡಿ ಎಂದು ಹೆಸರು ಬಿದ್ದು ಎಷ್ಟೋ ಕಾಲವಾಗಿತ್ತು. ಯಾವ ಕಾಯಿಲೆಗೆ ಯಾವ ಪರೀಕ್ಷೆ ಮಾಡಿಸಬೇಕು, ಯಾವ ಮದ್ದು ಕೊಡಬೇಕು ಎಂದು ಆಸ್ಪತ್ರೆಗಳಿಗೆ ಸಲಹೆ ಕೊಡುವ ಸಮಿತಿ ಅದು. ಸಮಿತಿಯ ಮುಂದೆ ಬರುವ ಸಂಶೋಧನೆಗಳಲ್ಲಿ ಕಾಳೆಷ್ಟು, ಜೊಳ್ಳೆಷ್ಟು ಎಂದು ನೋಡುವುದು ಅವಳ ಕೆಲಸ. ಬಂದದ್ದರಲ್ಲಿ ಮುಕ್ಕಾಲು ಪಾಲು ಜೊಳ್ಳೇ ಆಗಿರುತ್ತಿತ್ತು. ಇಲ್ಲ, ಸಾಲದು, ಒಪ್ಪಲಾಗದು ಎಂದು ಬರೆದು ಬರೆದು ಅವಳಿಗೂ ಸಾಕಾಗಿಹೋಗಿತ್ತು. ದಿನವಿಡೀ ಬೇಡ ಬೇಡ ಎನ್ನುವ ಇಂಥ ಕೆಲಸ ಶತ್ರುವಿಗೂ ಬೇಡ.

ಈ ಸಲ ಬಂದದ್ದು ತೀರದ ದಣಿವಿನ ಕಾಯಿಲೆಯ ಸಂಶೋಧನೆಗಳ ಕಟ್ಟು. ನೋಡಿದ ಕೂಡಲೇ ಅವಳು ಅಧ್ಯಕ್ಷರ ಕೋಣೆಗೆ ಹೋದಳು.

"ಸರ್, ಇದನ್ನ ಬೇರೆಯವರಿಗೆ ಕೊಡಿ. ನಮ್ಮ ಮನೇಲೇ ಇದೆ ಈ ಕಾಯಿಲೆ. ನನ್ನ ತಂಗಿಗೆ."

"ಹಾಗಾದ್ರೆ ಇನ್ನೂ ಒಳ್ಳೇದಾಯ್ತಲ್ಲ, ಮನಸ್ಸಿಟ್ಟು ನೋಡ್ತೀರಿ," ಎಂದರು ಅಧ್ಯಕ್ಷರು. "ಅಲ್ಲದೆ ಬೇರೆಯವರು ಅಂತ ಯಾರಿದ್ದಾರೆ ಹೇಳಿ?"

ಅದೂ ನಿಜವೇ. ಯಾರೂ ಇರಲಿಲ್ಲ.

ತಂಗಿ ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಿದ್ದವಳು. ಒಂದು ಜ್ವರ ಬಂತು, ಹೋಯಿತು, ಹೋಗುವಾಗ ಅವಳ ಕೈಕಾಲಿನ ಕಸುವನ್ನೂ ಕಟ್ಟಿಕೊಂಡು ಹೋಯಿತು. ಒಂದು ಬಕೆಟ್ಟು ಬಟ್ಟೆ ಒಣಹಾಕಿದರೆ ಮರುದಿನದಿಂದ ಹಾಸಿಗೆ. ಎಷ್ಟು ಮಲಗಿದರೂ ಎದ್ದಾಗ ಅದೇ ದಣಿವು. ಕಂಡ ಕಂಡ ಡಾಕ್ಟರೆಲ್ಲ ರಕ್ತ ತೆಗೆದರು, ರಿಪೋರ್ಟಿನಲ್ಲಿ ಏನೂ ಇಲ್ಲ ಎಂದು ಕೈತೊಳೆದುಕೊಂಡರು. ಅಮ್ಮನ ಕಿವಿಗೆ ಅದು ಬೇರೆಯಾಗಿಯೇ ಬಿತ್ತು. ರಿಪೋರ್ಟಿನಲ್ಲಿ ಇಲ್ಲದ್ದು ಮೈಯಲ್ಲಿ ಎಲ್ಲಿಂದ ಬರಬೇಕು? ಅಲ್ಲಿಂದ ಶುರುವಾಯಿತು ನೋಡಿ, ಮೈಗಳ್ಳಿ ಅಂತೆ, ಮಹಾರಾಣಿಗೆ ಇನ್ನೂ ಬೆಳಗಾಗಿಲ್ಲ ಅಂತೆ. ಕೆಟ್ಟ ಹೆಂಗಸೇನಲ್ಲ ಅಮ್ಮ. ಗಂಡ ಸತ್ತ ಮೇಲೆ ಹೊಲಿಗೆ ಮಿಷನ್ ತುಳಿದು ಇಬ್ಬರನ್ನೂ ಸಾಕಿದವಳು, ದಣಿವು ಎನ್ನುವ ಮಾತನ್ನು ಒಂದು ದಿನವೂ ಬಾಯಿಗೆ ತಂದವಳಲ್ಲ. ಅದಕ್ಕೇ ಇರಬೇಕು, ಮಗಳ ಬಾಯಲ್ಲಿ ಆ ಮಾತು ಕೇಳಿದರೆ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು.

ಆಮೇಲೆ ಪತ್ರಿಕೆಯಲ್ಲಿ ಸುದ್ದಿ ಬಂತು. ದಣಿವಿನ ಕಾಯಿಲೆಯವರ ರಕ್ತದಲ್ಲಿ ಒಂದು ಪದಾರ್ಥ ಸಿಕ್ಕಿದೆ, ಆರೋಗ್ಯವಂತರಲ್ಲಿ ಅದು ಇಲ್ಲ, ಕಾರಣ ಅದೇ ಇರಬಹುದು ಎಂದು. ಅಮ್ಮ ಅದನ್ನು ಅಕ್ಕಪಕ್ಕದವರಿಗೆಲ್ಲ ಓದಿ ಹೇಳಿದಳು. ಅವತ್ತಿಗೆ ಬೈಗುಳ ನಿಂತಿತು. ಸ್ನಾನ ಮುಗಿಸಿ ಬಂದ ತಂಗಿ ಬಾಚಣಿಗೆ ಎತ್ತಲೂ ತ್ರಾಣವಿಲ್ಲದೆ ಗೋಡೆಗೊರಗಿ ಕೂತರೆ, ಅಮ್ಮ ತಾನೇ ಬಂದು ಹಿಂದೆ ಕೂತು ತಲೆ ಬಾಚಿದಳು. "ಅಕ್ಕ, ಅಮ್ಮ ನನಗೆ ಜಡೆ ಹಾಕಿದಳು ಕಣೇ," ಎಂದು ತಂಗಿ ಹೇಳಿದಾಗ ಅಕ್ಕ ಆ ಜಡೆಯನ್ನು ಕೈಯಲ್ಲಿ ಹಿಡಿದು ನೋಡಿದ್ದಳು.

ಅದೇ ಸಂಶೋಧನೆ ಈಗ ಅಕ್ಕನ ಮೇಜಿನ ಮೇಲಿತ್ತು.

ಕಟ್ಟಿನಲ್ಲಿ ಉಳಿದವನ್ನು ಸೋಸುವುದು ಸುಲಭವಾಗಿತ್ತು. ಒಬ್ಬರು, ರೋಗಿಯನ್ನು ದಿನಾ ಸ್ವಲ್ಪ ಸ್ವಲ್ಪ ಹೆಚ್ಚು ನಡೆಸಿದರೆ ವಾಸಿಯಾಗುತ್ತದೆ ಎಂದಿದ್ದರು. ನಡೆದು ನಡೆದು ಹಾಸಿಗೆ ಹಿಡಿದು ಅರ್ಧಕ್ಕೇ ಬಿಟ್ಟವರನ್ನು ಅವರು ಲೆಕ್ಕಕ್ಕೇ ಸೇರಿಸಿರಲಿಲ್ಲ. ಇನ್ನೊಬ್ಬರ ಪ್ರಕಾರ ಇದೆಲ್ಲ ಮನಸ್ಸಿನದ್ದು. ಅವರು ರೋಗಿಗಳಿಗೆ ಕೇಳಿದ ಪ್ರಶ್ನೆಗಳೋ, ಬೆಳಿಗ್ಗೆ ಏಳಲು ಕಷ್ಟವೇ, ಮನೆಯಿಂದ ಹೊರಗೆ ಹೋಗುವುದು ಕಡಿಮೆಯಾಗಿದೆಯೇ. ಕಾಲು ಮುರಿದವನನ್ನು ಕೇಳಿದರೂ ಹೌದು ಎಂದೇ ಹೇಳುತ್ತಾನೆ. ಇವನ್ನೆಲ್ಲ ಅವಳು ಖುಷಿಯಿಂದಲೇ ಹೊಡೆದುಹಾಕಿದಳು. ರಕ್ತದ ಸಂಶೋಧನೆಯನ್ನು ಮಾತ್ರ ಕೊನೆಗಿಟ್ಟುಕೊಂಡಳು, ಇದೊಂದು ಗಟ್ಟಿಯಾಗಿರಲಿ ಎಂದು ಒಳಗೊಳಗೇ ಬೇಡಿಕೊಳ್ಳುತ್ತ. ಜರಡಿ ಹಿಡಿಯುವವಳು ಹಾಗೆಲ್ಲ ಬೇಡಿಕೊಳ್ಳಬಾರದು. ಬೇಡಿಕೊಂಡಳು, ಏನು ಮಾಡುವುದು.

ಓದಿದಳು, ಮತ್ತೊಮ್ಮೆ ಓದಿದಳು. ಎಲ್ಲ ಅಚ್ಚುಕಟ್ಟಾಗಿತ್ತು. ರಕ್ತವನ್ನು ಎಲ್ಲಿ ತೆಗೆದರು ಎನ್ನುವುದೊಂದನ್ನು ಬರೆದಿರಲಿಲ್ಲ. ಸಣ್ಣ ವಿಷಯ, ಸುಮ್ಮನಿದ್ದಿದ್ದರೆ ನಡೆದುಹೋಗುತ್ತಿತ್ತು. ಅವಳ ಕೈ ಸುಮ್ಮನಿರಬೇಕಲ್ಲ, ಸಂಶೋಧಕನಿಗೇ ಫೋನ್ ಮಾಡಿದಳು.

"ರೋಗಿಗಳ ಮನೆಗೇ ಹೋಗಿ ತಗೊಂಡ್ವಿ ಮೇಡಂ," ಎಂದ ಆತ. "ಪಾಪ, ಅವರಿಗೆ ಆಸ್ಪತ್ರೆವರೆಗೆ ಬರೋಕಾಗಲ್ವಲ್ಲ."

"ತಗೊಂಡು?"

"ಮನೆ ಮನೆ ಸುತ್ತಬೇಕು ನೋಡಿ. ಎಲ್ಲರದ್ದೂ ಆಗೋವರೆಗೆ ಫ್ರಿಜ್ಜಲ್ಲಿ ಇಡ್ತಿದ್ವಿ. ಒಂದು ವಾರ, ಹತ್ತು ದಿನ."

"ಆರೋಗ್ಯವಂತರದ್ದು?"

"ಅವರೆಲ್ಲ ನಮ್ಮ ಲ್ಯಾಬಿನವರೇ. ಅಲ್ಲೇ ತೆಗೆದು ಅಲ್ಲೇ..." ಆತ ಅಲ್ಲಿಗೆ ನಿಲ್ಲಿಸಿದ.

ಆತ ಪ್ರಾಮಾಣಿಕ. ಸಮಯ ಕೇಳಿ, ಲ್ಯಾಬಿನವರ ರಕ್ತವನ್ನೇ ಫ್ರಿಜ್ಜಿನಲ್ಲಿಟ್ಟು ಆಮೇಲೆ ಪರೀಕ್ಷೆ ಮಾಡಿದ. ಅದರಲ್ಲೂ ಆ ಪದಾರ್ಥ ಸಿಕ್ಕಿತು. ಅಂದರೆ ಇಷ್ಟು ದೊಡ್ಡ ಸುದ್ದಿಯಾಗಿ ಅವರು ಕಂಡುಹಿಡಿದದ್ದು ಫ್ರಿಜ್ಜಿನ ಕಾಯಿಲೆಯನ್ನು, ಮನುಷ್ಯರದ್ದನ್ನಲ್ಲ. ರೋಗಿಗಳಿಗೆ ಎದ್ದು ಬರಲಾಗದೆ ಇದ್ದದ್ದರಿಂದಲೇ ಈ ತಪ್ಪು ನಡೆದಿತ್ತು, ಹಾಳಾದ್ದು.

ಅಧ್ಯಕ್ಷರು ಕೇಳಿ ತಲೆ ತುರಿಸಿಕೊಂಡರು. "ಇನ್ನಷ್ಟು ಸಂಶೋಧನೆ ಬೇಕು ಅಂತ ಕೊನೇಲಿ ಒಂದು ಸಾಲು ಸೇರಿಸಿ ಪಾಸು ಮಾಡಿಬಿಡಿ. ಆ ಜನಕ್ಕೂ ಏನೋ ಒಂದು ಸಮಾಧಾನ ಬೇಡ್ವೇ?"

ಅಕ್ಕನಿಗೂ ಒಂದು ಗಳಿಗೆ ಹಾಗೇ ಅನಿಸಿತು. ತಂಗಿಯ ಕೂದಲಿನಲ್ಲಿ ಅಮ್ಮನ ಕೈ ಓಡಾಡುವುದು ಕಣ್ಣಿಗೆ ಕಟ್ಟಿತು. ಆದರೆ ಪಾಸು ಮಾಡಿದರೆ ಈ ಪರೀಕ್ಷೆ ಎಲ್ಲ ಆಸ್ಪತ್ರೆಗೂ ಬರುತ್ತದೆ. ತಂಗಿಯ ರಕ್ತವನ್ನು ಅಲ್ಲೇ ತೆಗೆದು ಅಲ್ಲೇ ನೋಡುತ್ತಾರೆ. ಏನೂ ಸಿಗುವುದಿಲ್ಲ. ನೀನು ಸುಳ್ಳಿ ಎಂದು ಮುದ್ರೆ ಒತ್ತಿ ಮನೆಗೆ ಕಳಿಸಿದ ಹಾಗೆ. "ಆಗಲ್ಲ ಸರ್," ಎಂದು ಎದ್ದು ಬಂದಳು, ಒಪ್ಪಲಾಗದು ಎಂದು ಬರೆದಳು, ಸಹಿ ಹಾಕಿದಳು. ಅವತ್ತು ಅವಳಿಗೆ ಮೆಟ್ಟಿಲಿಳಿಯುವುದೂ ಭಾರವಾಯಿತು.

ಸಂಜೆ ಮನೆಗೆ ಬಂದರೆ ತಂಗಿ ಕಣ್ಣು ಮುಚ್ಚಿ ಮಲಗಿದ್ದಳು. ಅಮ್ಮ ಅವಳ ಮಂಚದ ತುದಿಯಲ್ಲೇ ಕೂತು ಯಾರದೋ ಅಂಗಿಗೆ ಗುಂಡಿ ಹಚ್ಚುತ್ತಿದ್ದಳು. ಪತ್ರಿಕೆಯಲ್ಲಿ ಓದುವುದಕ್ಕಿಂತ ತನ್ನ ಬಾಯಿಂದಲೇ ಕೇಳಲಿ ಎಂದು ಅಕ್ಕ ನಿಂತ ಕಾಲಲ್ಲೇ ಎಲ್ಲ ಹೇಳಿದಳು.

ಅಮ್ಮ ಸೂಜಿ ಕೆಳಗಿಟ್ಟಳು. "ಹಾಗಾದ್ರೆ ಇವಳಿಗೆ ಏನೂ ಇಲ್ವಾ?"

"ಕಾಯಿಲೆ ಇದೆಯಮ್ಮ. ಕಾರಣ ಇನ್ನೂ ಸಿಕ್ಕಿಲ್ಲ, ಅಷ್ಟೆ."

"ಏನೋ ಒಂದು ಸಿಕ್ಕಿತ್ತಲ್ಲೇ. ಅದನ್ನೂ ನೀನೇ ಕಳೆದ್ಯಾ?" ಅಮ್ಮನ ದನಿ ಒಡೆಯಿತು. "ಇಷ್ಟು ವರ್ಷ ಬಾಯಿಗೆ ಬಂದ ಹಾಗೆ ಬೈದೆ. ಪೇಪರಲ್ಲಿ ಬಂದಾಗ, ಡಾಕ್ಟರಿಗೇ ಗೊತ್ತಿರಲಿಲ್ಲ, ನನಗೆಲ್ಲಿ ಗೊತ್ತಾಗ್ಬೇಕು ಅಂತ ಸಮಾಧಾನ ಮಾಡ್ಕೊಂಡಿದ್ದೆ. ಈಗ ನಾನು ಏನನ್ನ ನಂಬ್ಲಿ?"

ಯಾವುದನ್ನು ನಂಬಬಾರದು ಎಂದು ಹೇಳುವುದಷ್ಟೇ ಅಕ್ಕನ ಕೆಲಸವಾಗಿತ್ತು.

ತಂಗಿ ಕಣ್ಣು ಬಿಟ್ಟಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು. ಬೈಗುಳ ಬೀಳುವ ಮುಂಚೆ ಮಕ್ಕಳು ಹೆಗಲು ಕುಗ್ಗಿಸಿಕೊಳ್ಳುವ ಹಾಗೆ ಕುಗ್ಗಿಸಿಕೊಂಡು, ಮೊಣಕೈ ಊರಿ ಏಳಲು ನೋಡಿದಳು.

ಅಮ್ಮ ಅವಳ ಹೆಗಲ ಮೇಲೆ ಕೈಯಿಟ್ಟು ಮತ್ತೆ ಮಲಗಿಸಿದಳು. ಬಹಳ ಹೊತ್ತು ಮಗಳ ಮುಖವನ್ನೇ ನೋಡಿದಳು. ಆಮೇಲೆ, ಇಷ್ಟು ವರ್ಷದಲ್ಲಿ ಒಮ್ಮೆಯೂ ಕೇಳದಿದ್ದುದನ್ನು ಕೇಳಿದಳು.

"ನಿನಗೆ ಏನಾಗತ್ತೆ ಮಗಳೇ? ನೀನೇ ಹೇಳು. ಕೇಳ್ತೀನಿ."

ತಂಗಿಯ ತುಟಿ ಅಲುಗಿತು. ಕಂಡ ಕಂಡ ಡಾಕ್ಟರಿಗೆ ಹೇಳಿ ಹೇಳಿ ಬಾಯಿಪಾಠವಾಗಿದ್ದ ಮಾತು, ಆದರೂ ಬರಲಿಲ್ಲ.

"ನಾಳೆ ಹೇಳ್ತೀನಮ್ಮ," ಎಂದಳು. "ಇವತ್ತು ಮಾತಾಡೋಕೆ ಶಕ್ತಿ ಇಲ್ಲ."

ಅಮ್ಮ "ಆಯ್ತು" ಎಂದು ದೀಪ ಆರಿಸಿದಳು.